ಅಂಕಪಟ್ಟಿಯ ಹಿಂದಿರುವ ನೆಲ

2012ರ ಸೆಪ್ಟೆಂಬರ್ 30ರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಟಿವಿಯ ಸದ್ದನ್ನು ಪೂರ್ತಿ ತಗ್ಗಿಸಿಕೊಂಡು ನಾನು ಯುರೋಪ್ ಮತ್ತು ಅಮೆರಿಕ ತಂಡಗಳ ನಡುವಣ ಗಾಲ್ಫ್ ಸ್ಪರ್ಧೆಯಾದ ರೈಡರ್ ಕಪ್‌ನ ಕೊನೆಯ ದಿನದ ಆಟವನ್ನು ನೋಡಿದ್ದೆ. ಷಿಕಾಗೊ ಬಳಿಯ ಮೆಡೈನಾದಲ್ಲಿ ಯುರೋಪ್ ತಂಡ 6–10ರಿಂದ ಹಿಂದೆ ಬಿದ್ದಿತ್ತು. ಹನ್ನೆರಡು ಸಿಂಗಲ್ಸ್ ಪಂದ್ಯಗಳಿಂದ ಎಂಟು ಅಂಕ ಗಳಿಸಿದರೆ ಮಾತ್ರ ಕಪ್ ಅವರ ಕೈಯಲ್ಲಿ ಉಳಿಯುತ್ತಿತ್ತು. ಹದಿನೇಳನೇ ಗ್ರೀನಿನ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ) ಮೇಲೆ ಯುರೋಪಿನ ಜಸ್ಟಿನ್ ರೋಸ್ ಬಲು ದೂರದಿಂದ ಹೊಡೆದ ಪಟ್, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸುವ ಹೊಡೆತ, ಕುಳಿಯೊಳಗೆ ಬಿದ್ದಾಗ ಎದುರಾಳಿ ಫಿಲ್ ಮಿಕಲ್ಸನ್ ನಗುತ್ತ ಚಪ್ಪಾಳೆ ತಟ್ಟಿದ್ದು, ಕೊನೆಯಲ್ಲಿ ಮಾರ್ಟಿನ್ ಕೈಮರ್ ಸುಮಾರು ಆರು ಅಡಿಯ ಪಟ್ ಹಾಕಿ ಎರಡೂ ಕೈ ಬಿಗಿದು ಕೂಗಿದ್ದು, 14½–13½ ಎಂಬ ಅಂಕ ಪರದೆಯ ಮೇಲೆ ಮೂಡಿದ್ದು, ಎಲ್ಲವೂ ನಿನ್ನೆ ಮೊನ್ನೆ ನಡೆದಂತೆ ಕಣ್ಣಿಗೆ ಕಟ್ಟಿವೆ.

ಕೆಲವು ವಾರಗಳ ಬಳಿಕ ಆ ಹದಿನೇಳನೇ ಹೋಲ್, ಅಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಅಂಗಳದ ಭಾಗ, ಹೇಗಿತ್ತೆಂದು ಕಾಗದದ ಮೇಲೆ ಗೀಚಲು ಕುಳಿತಾಗ, ಮುಂದೆ ಒಂದು ಕೆರೆಯಿತ್ತು ಎಂಬುದನ್ನು ಬಿಟ್ಟು ನನಗೆ ಬೇರೇನೂ ಹೊಳೆಯಲಿಲ್ಲ. ಗ್ರೀನ್ ಯಾವ ಕಡೆಗೆ ಇಳಿಜಾರಾಗಿತ್ತು, ರೋಸ್ ಅವರ ಚೆಂಡು ಕುಳಿಯಿಂದ ಅಷ್ಟು ದೂರ ಏಕೆ ನಿಂತಿತು, ಮಿಕಲ್ಸನ್ ಅವರಿಗೆ ಅದಕ್ಕಿಂತ ಸುಲಭವಾದ ದಾರಿ ಇತ್ತೇ, ಇದಾವುದೂ ನನ್ನ ತಲೆಯಲ್ಲಿ ಇರಲಿಲ್ಲ. ಮೂರು ದಿನ ಅಷ್ಟೊಂದು ಆಸೆಯಿಂದ ನೋಡಿದ ಆಟದಲ್ಲಿ ನಾನು ಆಟಗಾರರ ಮುಖವನ್ನೂ ಅಂಕಪಟ್ಟಿಯನ್ನೂ ನೋಡಿದ್ದೆನೇ ಹೊರತು ಅವರ ಕಾಲ ಕೆಳಗಿನ ನೆಲವನ್ನು ನೋಡಿರಲಿಲ್ಲ. ಅಂದಿನಿಂದ ತಂಡಗಳ ಗಾಲ್ಫ್ ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದನ್ನು ರೂಢಿಸಿಕೊಂಡೆ. ಪ್ರತಿ ಹೋಲಿನ ನಕ್ಷೆಯನ್ನು ಕೈಯಿಂದಲೇ ಬರೆದು, ಯಾರ ಚೆಂಡು ಎಲ್ಲಿ ಬಿತ್ತು, ಅಲ್ಲಿಂದ ಮುಂದಿನ ಹೊಡೆತ ಹೇಗೆ ಕಂಡಿತು ಎಂದು ಚುಕ್ಕೆಯಿಟ್ಟು ಗುರುತಿಸುತ್ತೇನೆ. ಹತ್ತು ವರ್ಷ ದಾಟಿದ ಈ ಅಭ್ಯಾಸದಿಂದ ನನಗೆ ಒಂದು ಮಾತು ಖಚಿತವಾಗಿದೆ: ಗಾಲ್ಫ್ ಅಂಗಳವೊಂದನ್ನು ಅದರ ವಿನ್ಯಾಸಕ ಯಾವ ಮನಸ್ಸಿನಿಂದ ರೂಪಿಸಿದ ಎಂಬುದು ತಂಡಗಳ ಆಟದಲ್ಲಿ ತೆರೆದುಕೊಳ್ಳುವಷ್ಟು ಸ್ಪಷ್ಟವಾಗಿ ವಾರವಾರ ನಡೆಯುವ ಟೂರ್ನಿಗಳಲ್ಲಿ ತೆರೆದುಕೊಳ್ಳುವುದಿಲ್ಲ.

ಇದಕ್ಕೆ ಕಾರಣ ಮ್ಯಾಚ್ ಪ್ಲೇ, ಅಂದರೆ ಒಂದೊಂದು ಹೋಲನ್ನೂ ಬೇರೆಯಾಗಿ ಗೆಲ್ಲುವ ಅಥವಾ ಸೋಲುವ ಆಟ. ಸಾಮಾನ್ಯ ಟೂರ್ನಿಯಲ್ಲಿ ನಾಲ್ಕು ದಿನಗಳ ಎಲ್ಲ ಹೊಡೆತಗಳನ್ನೂ ಕೂಡಿಸಲಾಗುತ್ತದೆ. ಒಂದೇ ಹೋಲಿನಲ್ಲಿ ಎಂಟು ಹೊಡೆತ ಹೊಡೆದವನು ಉಳಿದ ದಿನಗಳಲ್ಲೆಲ್ಲ ಆ ಭಾರವನ್ನು ಹೊತ್ತು ನಡೆಯಬೇಕು. ಹಾಗಾಗಿ ಬುದ್ಧಿವಂತ ಆಟಗಾರ ಗ್ರೀನಿನ ನಡುಭಾಗಕ್ಕೆ ಗುರಿಯಿಟ್ಟು, ಪಾರ್ (ಆ ಹೋಲಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ) ಪಡೆದು, ಮುಂದೆ ಸಾಗುತ್ತಾನೆ. ಮ್ಯಾಚ್ ಪ್ಲೇಯಲ್ಲಿ ಎಂಟು ಹೊಡೆದರೂ ಐದು ಹೊಡೆದರೂ ಕಳೆದುಕೊಳ್ಳುವುದು ಆ ಒಂದು ಹೋಲ್ ಮಾತ್ರ. ಎದುರಾಳಿಯ ಚೆಂಡು ಕುಳಿಯ ಹತ್ತಿರ ಬಿದ್ದಿದ್ದರೆ ನೀರಿನ ಅಂಚಿನ ಧ್ವಜಕ್ಕೇ ನೇರ ಹೊಡೆಯಬೇಕಾಗುತ್ತದೆ. ಎದುರಾಳಿ ನೀರಿಗೆ ಹಾಕಿದ್ದರೆ ಅದೇ ಧ್ವಜದಿಂದ ಮೂವತ್ತು ಅಡಿ ದೂರ ಸರಿಯುವುದೇ ಜಾಣತನ. ಒಂದೇ ಹೋಲ್ ಐದು ನಿಮಿಷದ ಅಂತರದಲ್ಲಿ ಇಬ್ಬರಿಗೆ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತದೆ. ಇಂಗ್ಲೆಂಡಿನ ಬೆಲ್ಫ್ರಿಯ ಬ್ರಾಬಜನ್ ಕೋರ್ಸಿನ ಹತ್ತನೇ ಹೋಲನ್ನು ನೆನೆದರೆ ಇದು ತಟ್ಟನೆ ಅರ್ಥವಾಗುತ್ತದೆ. ಪಾರ್ 4 ಆದರೂ ಗ್ರೀನ್ ಹತ್ತಿರದಲ್ಲೇ ಇದೆ, ಮುಂದೆ ನೀರು, ಮೇಲೆ ಮರಗಳ ಚಾಚು. 1978ರಲ್ಲಿ ಸೆವೆ ಬ್ಯಾಲೆಸ್ಟರೋಸ್ ಟೀಯಿಂದ, ಅಂದರೆ ಹೋಲ್ ಆರಂಭವಾಗುವ ಜಾಗದಿಂದ, ಒಂದೇ ಹೊಡೆತಕ್ಕೆ ಆ ಗ್ರೀನ್ ಮುಟ್ಟಿದ ಮೇಲೆ, ಅಲ್ಲಿ ನಡೆದ ಪ್ರತಿ ರೈಡರ್ ಕಪ್‌ನಲ್ಲೂ ಜನ ಕಾದು ನಿಂತು ನೋಡಿದ ಜಾಗ ಅದು. ಹೊಡೆತಗಳ ಲೆಕ್ಕವಿಡುವ ಆಟದಲ್ಲಿ ಅಲ್ಲಿ ಅಷ್ಟು ದೂರ ಹೋಗದ ಐರನ್ ಕೋಲು ಹಿಡಿದು ಮುಂದೆ ತಳ್ಳುವವರೇ ಹೆಚ್ಚಾದರೆ, ಮ್ಯಾಚ್ ಪ್ಲೇಯಲ್ಲಿ ಎರಡು ಹೋಲ್ ಹಿಂದಿರುವವನಿಗೆ ಆ ಗ್ರೀನ್ ಕೈಬೀಸಿ ಕರೆಯುತ್ತದೆ.

ಇನ್ನು ಫೋರ್‌ಸಮ್ಸ್. ನನ್ನ ದೃಷ್ಟಿಯಲ್ಲಿ ಗಾಲ್ಫಿನ ಅತ್ಯಂತ ಸೂಕ್ಷ್ಮವಾದ ಪ್ರಕಾರ ಇದೇ. ಇಬ್ಬರು ಜೊತೆಗಾರರಿಗೆ ಒಂದೇ ಚೆಂಡು. ಸರದಿಯಂತೆ ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು, ಒಬ್ಬರು ಬೆಸ ಸಂಖ್ಯೆಯ ಹೋಲುಗಳಲ್ಲಿಯೂ ಇನ್ನೊಬ್ಬರು ಸಮ ಸಂಖ್ಯೆಯ ಹೋಲುಗಳಲ್ಲಿಯೂ ಟೀ ಹೊಡೆತ ತೆಗೆದುಕೊಳ್ಳಬೇಕು. ಯಾರಿಗೆ ಬೆಸ, ಯಾರಿಗೆ ಸಮ ಎಂದು ಮೊದಲೇ ತೀರ್ಮಾನಿಸಬೇಕಾದ್ದರಿಂದ ಆಟ ಶುರುವಾಗುವ ಮೊದಲೇ ನಾಯಕನು ಅಂಗಳವನ್ನು ಓದಿ ಮುಗಿಸಿರಬೇಕು. ಪ್ಯಾರಿಸ್ ಹೊರವಲಯದ ಲ ಗಾಲ್ಫ್ ನ್ಯಾಷನಲ್‌ನಲ್ಲಿ ಪಾರ್ 3 ಹೋಲುಗಳು 2, 8, 11 ಮತ್ತು 16. ಅಂದರೆ ನಾಲ್ಕರಲ್ಲಿ ಮೂರು ಸಮ ಸಂಖ್ಯೆಯಲ್ಲಿವೆ. ಐರನ್ ಹೊಡೆತಗಳಲ್ಲಿ ಗಟ್ಟಿಗನಾದವನಿಗೆ ಸಮ ಹೋಲುಗಳನ್ನು ಕೊಡಬೇಕೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಎಡಗಡೆಯುದ್ದಕ್ಕೂ ನೀರಿರುವ ಹದಿನೆಂಟನೆಯ ಹೋಲಿನ ಟೀ ಹೊಡೆತವೂ ಅವನ ಪಾಲಿಗೇ ಬರುತ್ತದೆ. ಇದು ನನಗೆ ಎಷ್ಟು ಇಷ್ಟವೆಂದರೆ, ಜೋಡಿಗಳ ಪಟ್ಟಿ ಪ್ರಕಟವಾದ ಕೂಡಲೇ ನಕ್ಷೆಯನ್ನು ಮುಂದಿಟ್ಟುಕೊಂಡು ಯಾರು ಎಲ್ಲಿ ಟೀ ಹೊಡೆಯಬಹುದೆಂದು ಊಹಿಸುವುದರಲ್ಲಿ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

2018ರಲ್ಲಿ ಆ ಪ್ಯಾರಿಸ್ ಅಂಗಳವೇ ಫಲಿತಾಂಶವನ್ನು ಬರೆಯಿತು ಎಂದರೂ ನಡೆಯುತ್ತದೆ. ಮೊದಲ ದಿನದ ಬೆಳಗಿನ ಫೋರ್‌ಬಾಲ್‌ನಲ್ಲಿ, ಅಂದರೆ ಜೊತೆಗಾರರಿಬ್ಬರೂ ತಮ್ಮ ತಮ್ಮ ಚೆಂಡನ್ನು ಆಡುವ ಪ್ರಕಾರದಲ್ಲಿ, ಅಮೆರಿಕ 3–1ರಿಂದ ಮುಂದಿತ್ತು. ಮಧ್ಯಾಹ್ನದ ಫೋರ್‌ಸಮ್ಸ್‌ನ ನಾಲ್ಕೂ ಪಂದ್ಯಗಳನ್ನು ಯುರೋಪ್ ಗೆದ್ದುಕೊಂಡಿತು. ಫೋರ್‌ಬಾಲ್‌ನಲ್ಲಿ ಒಬ್ಬನ ಚೆಂಡು ಹುಲ್ಲಿನೊಳಗೆ ಹೂತುಹೋದರೂ ಜೊತೆಗಾರನ ಚೆಂಡು ಆಟದಲ್ಲಿರುತ್ತದೆ. ಫೋರ್‌ಸಮ್ಸ್‌ನಲ್ಲಿ ಒಬ್ಬನ ತಪ್ಪನ್ನು ಇನ್ನೊಬ್ಬನು ಆ ದಟ್ಟವಾದ ಹುಲ್ಲಿನ ರಫ್‌ನಿಂದಲೇ ಎತ್ತಿ ತೆಗೆಯಬೇಕು. ಟೀಗೂ ಗ್ರೀನಿಗೂ ನಡುವಣ ಕತ್ತರಿಸಿದ ಹುಲ್ಲಿನ ದಾರಿಯಾದ ಫೇರ್‌ವೇಗಳನ್ನು ಕಿರಿದಾಗಿಸಿ, ಪಕ್ಕದ ಹುಲ್ಲನ್ನು ಎತ್ತರಕ್ಕೆ ಬೆಳೆಸಿದ್ದರಿಂದ ಬಲು ದೂರ ಹೊಡೆಯುವ ಅಮೆರಿಕನ್ನರ ದೊಡ್ಡ ಶಕ್ತಿಯೇ ಅವರಿಗೆ ಹೊರೆಯಾಯಿತು. ನೇರವಾಗಿ ಹೊಡೆಯುವುದಕ್ಕೆ ಹೆಸರಾದ ಫ್ರಾನ್ಸೆಸ್ಕೊ ಮೊಲಿನಾರಿ ಐದಕ್ಕೆ ಐದೂ ಪಂದ್ಯಗಳನ್ನು ಗೆದ್ದರು. ಯುರೋಪ್ 17½–10½ರಿಂದ ಜಯಿಸಿತು. ಆತಿಥೇಯ ತಂಡದ ನಾಯಕನಿಗೆ ಅಂಗಳವನ್ನು ತನಗೆ ಬೇಕಾದಂತೆ ಸಜ್ಜುಗೊಳಿಸುವ ಅಧಿಕಾರವಿದೆ, ಅದನ್ನು ಬಳಸಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಆದರೂ ಆ ಮೂರು ದಿನಗಳ ನನ್ನ ನಕ್ಷೆಗಳನ್ನು ಈಗ ತೆರೆದು ನೋಡಿದರೆ ಬಹುಪಾಲು ಚುಕ್ಕೆಗಳು ಒಂದೇ ಗೆರೆಯ ಮೇಲಿವೆ. ಫೇರ್‌ವೇಯಲ್ಲಿ ಬಿದ್ದರೆ ಬದುಕು, ಹೊರಗೆ ಬಿದ್ದರೆ ಸಾವು. ಎಡದಿಂದ ಹೋಗಲೇ ಬಲದಿಂದ ಹೋಗಲೇ ಎಂದು ಯೋಚಿಸುವುದಕ್ಕೆ ಅಲ್ಲಿ ಅಗಲವೇ ಇರಲಿಲ್ಲ. ಕಿರಿದಾದ ಅಂಗಳ ಆಟಗಾರನ ಕೈಯನ್ನು ಪರೀಕ್ಷಿಸುತ್ತದೆ, ಅವನ ಆಯ್ಕೆಯನ್ನು ಪರೀಕ್ಷಿಸುವುದಿಲ್ಲ ಎಂದು ನಾನು ಅರಿತದ್ದು ಪ್ಯಾರಿಸ್‌ನಿಂದ.

ಇದರ ಇನ್ನೊಂದು ತುದಿಯನ್ನು ನೋಡಲು ಮುಂದಿನ ವರ್ಷದ ಡಿಸೆಂಬರ್‌ವರೆಗೆ ಕಾದರೆ ಸಾಕಾಯಿತು. ಅಮೆರಿಕಕ್ಕೂ ಯುರೋಪನ್ನು ಬಿಟ್ಟು ಉಳಿದ ದೇಶಗಳ ಅಂತರರಾಷ್ಟ್ರೀಯ ತಂಡಕ್ಕೂ ನಡುವಣ ಪ್ರೆಸಿಡೆಂಟ್ಸ್ ಕಪ್ 2019ರಲ್ಲಿ ನಡೆದದ್ದು ಆಸ್ಟ್ರೇಲಿಯದ ರಾಯಲ್ ಮೆಲ್ಬರ್ನ್‌ನಲ್ಲಿ. ಆ ಕ್ಲಬ್ಬಿನ ಪಶ್ಚಿಮ ಕೋರ್ಸನ್ನು ಯೋಜಿಸಿದವರು ಅಲಿಸ್ಟರ್ ಮೆಕೆಂಜಿ. ವೃತ್ತಿಯಿಂದ ವೈದ್ಯರಾಗಿದ್ದ ಮೆಕೆಂಜಿ ಬೋಯರ್ ಯುದ್ಧದ ಕಾಲದಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ, ಬೋಯರ್ ಸೈನಿಕರು ನೆಲದ ಸಹಜ ಏರಿಳಿತಗಳನ್ನು ಬಳಸಿಕೊಂಡು ಕಣ್ಣಿಗೆ ಬೀಳದಂತೆ ಅಡಗಿಕೊಳ್ಳುತ್ತಿದ್ದುದನ್ನು ಗಮನಿಸಿದ್ದರು. ಮುಂದೆ ಮರೆಮಾಚುವ ಆ ವಿದ್ಯೆಯನ್ನೇ ಬಂಕರುಗಳಿಗೂ (ಮರಳುಗುಂಡಿಗಳಿಗೂ) ಗ್ರೀನುಗಳಿಗೂ ಒಗ್ಗಿಸಿಕೊಂಡರು. ಸೇಂಟ್ ಆಂಡ್ರೂಸ್‌ನ ಹಳೆಯ ಕೋರ್ಸನ್ನು ಅವರು ಆರಾಧನೆಯ ಭಾವದಿಂದ ಅಳೆದು ನಕ್ಷೆ ಬರೆದವರು. ಅಲ್ಲಿ ಹೊಡೆಯಲು ಜಾಗ ಧಾರಾಳವಾಗಿದೆ. ಆದರೆ ಎಲ್ಲ ಜಾಗವೂ ಒಂದೇ ಬೆಲೆಯದಲ್ಲ. ಬಂಕರಿಗೆ ಅಂಟಿಕೊಂಡಂತೆ ಹೊಡೆಯುವ ಧೈರ್ಯ ತೋರಿದವನಿಗೆ ಗ್ರೀನಿನ ಬಾಗಿಲು ತೆರೆದಿರುತ್ತದೆ. ಅಪಾಯವಿಲ್ಲದ ಬದಿಗೆ ಸರಿದವನಿಗೆ ಅದೇ ಗ್ರೀನ್ ಬೆನ್ನು ತಿರುಗಿಸಿ ನಿಂತಂತೆ ಕಾಣುತ್ತದೆ.

ಮೆಕೆಂಜಿ 1926ರಲ್ಲಿ ಆಸ್ಟ್ರೇಲಿಯಕ್ಕೆ ಬಂದು ಕೆಲವೇ ವಾರ ಇದ್ದು ಹೋದರು. ನೆಲದ ಮೇಲಿನ ಕೆಲಸವನ್ನು ಮಾಡಿ ಮುಗಿಸಿದವರು ಅಲ್ಲಿನ ಹಸಿರುಪಾಲಕ ಮಿಕ್ ಮಾರ್ಕಮ್ ಮತ್ತು ಆಟಗಾರ ಅಲೆಕ್ಸ್ ರಸೆಲ್. ಪೂರ್ವ ಕೋರ್ಸ್ ರಸೆಲ್ ಅವರದೇ ಕೃತಿ. ಇಲ್ಲಿ ಇನ್ನೊಂದು ಸಂಗತಿ ನನಗೆ ವಿಶೇಷವಾಗಿ ಕಾಣುತ್ತದೆ. ಇಂದು ದೊಡ್ಡ ಸ್ಪರ್ಧೆಗಳು ನಡೆಯುವ ಅಲ್ಲಿನ ಸಂಯುಕ್ತ ಕೋರ್ಸನ್ನು, ಅಂದರೆ ಎರಡೂ ಕೋರ್ಸುಗಳಿಂದ ಆಯ್ದು ಜೋಡಿಸಿದ ಹದಿನೆಂಟು ಹೋಲುಗಳ ಅಂಗಳವನ್ನು, ಮೊದಲು ಕಟ್ಟಿದ್ದು 1959ರ ಕೆನಡಾ ಕಪ್‌ಗಾಗಿ. ಪ್ರೇಕ್ಷಕರೂ ಆಟಗಾರರೂ ರಸ್ತೆ ದಾಟುವುದು ತಪ್ಪಲಿ ಎಂಬ ಸರಳ ಉದ್ದೇಶದಿಂದ ಮಾಡಿದ ಏರ್ಪಾಟು ಅದು. ಆ ವರ್ಷ ಪೀಟರ್ ಥಾಮ್ಸನ್ ಮತ್ತು ಕೆಲ್ ನೇಗಲ್ ತಮ್ಮ ನೆಲದಲ್ಲೇ ಆಸ್ಟ್ರೇಲಿಯಕ್ಕೆ ಗೆಲುವು ತಂದರು. ಜಗತ್ತಿನ ಅತ್ಯುತ್ತಮ ಅಂಗಳಗಳಲ್ಲೊಂದು ಇಂದಿನ ರೂಪಕ್ಕೆ ಬಂದದ್ದೇ ತಂಡಗಳ ಸ್ಪರ್ಧೆಯೊಂದರ ಅಗತ್ಯದಿಂದ.

2019ರಲ್ಲಿ ಅಲ್ಲಿ ರಫ್ ಎಂಬುದು ಲೆಕ್ಕಕ್ಕೇ ಇರಲಿಲ್ಲ. ಫೇರ್‌ವೇಗಳು ವಿಶಾಲ, ಮರಳುನೆಲ ಗಟ್ಟಿ, ಗ್ರೀನುಗಳು ಬಿರುಸು. ಬಂಕರುಗಳ ಅಂಚು ಗ್ರೀನಿನ ಹುಲ್ಲನ್ನೇ ಕತ್ತರಿಸಿಟ್ಟಂತೆ ಚೂಪಾಗಿತ್ತು. ಎತ್ತರಕ್ಕೆ ಹೊಡೆದು ಚೆಂಡನ್ನು ಧ್ವಜದ ಪಕ್ಕದಲ್ಲೇ ಇಳಿಸುವ ಅಭ್ಯಾಸದವರು ಅಲ್ಲಿ ಮತ್ತೆ ಮತ್ತೆ ತಡವರಿಸಿದರು. ಸರಿಯಾದ ಬದಿಯಿಂದ ಬಂದವರ ಚೆಂಡು ಇಳಿಜಾರನ್ನು ಹಿಡಿದು ತಾನಾಗಿ ಕುಳಿಯತ್ತ ಹೊರಳುತ್ತಿದ್ದರೆ, ತಪ್ಪು ಬದಿಯಿಂದ ಬಂದವರ ಚೆಂಡು ಅಷ್ಟೇ ಚೆನ್ನಾಗಿ ಹೊಡೆಸಿಕೊಂಡರೂ ಗ್ರೀನನ್ನು ದಾಟಿ ಹೋಗುತ್ತಿತ್ತು. ಅರ್ನಿ ಎಲ್ಸ್ ನಾಯಕತ್ವದ ಅಂತರರಾಷ್ಟ್ರೀಯ ತಂಡದಲ್ಲಿ ಮೊದಲ ಬಾರಿಗೆ ಆಡುವ ಹುಡುಗರೇ ತುಂಬಿದ್ದರು. ಆದರೂ ಮೊದಲ ದಿನ 4–1ರಿಂದ, ಮೂರನೇ ದಿನದ ಕೊನೆಗೆ 10–8ರಿಂದ ಅವರು ಮುಂದಿದ್ದರು. ಕೊನೆಯ ದಿನದ ಸಿಂಗಲ್ಸ್‌ನಲ್ಲಿ ಆಡುವ ನಾಯಕ ಟೈಗರ್ ವುಡ್ಸ್ ಮೊದಲಿಗರಾಗಿ ಇಳಿದು ಗೆದ್ದು ದಾರಿ ತೋರಿದ ಮೇಲೆ ಅಮೆರಿಕ 16–14ರಿಂದ ಕಪ್ ಉಳಿಸಿಕೊಂಡಿತು. ವುಡ್ಸ್ ಆಡಿದ ಮೂರೂ ಪಂದ್ಯಗಳನ್ನು ಗೆದ್ದರು. ತಮ್ಮ ಇಪ್ಪತ್ತರ ಹರೆಯದಲ್ಲಿ ಬಲಕ್ಕೆ ಹೆಸರಾಗಿದ್ದ ಆ ಮನುಷ್ಯ ನಲವತ್ತಮೂರನೆಯ ವಯಸ್ಸಿನಲ್ಲಿ ಚೆಂಡನ್ನು ತಗ್ಗಿನಲ್ಲಿ ತೇಲಿಸಿ, ಧ್ವಜದಿಂದ ಎಷ್ಟೋ ದೂರದ ಉಬ್ಬಿಗೆ ಗುರಿಯಿಟ್ಟು, ಉಳಿದದ್ದನ್ನು ನೆಲಕ್ಕೆ ಬಿಟ್ಟುಕೊಡುತ್ತಿದ್ದ ರೀತಿಯನ್ನು ನೋಡುತ್ತ, ಸುಮಾರು ತೊಂಬತ್ತು ವರ್ಷಗಳ ಹಿಂದೆ ನೆಲ ಕೆತ್ತಿದವರ ಮಾತನ್ನು ಕೇಳಿಸಿಕೊಳ್ಳಬಲ್ಲವನು ಇವನೊಬ್ಬ ಎಂದು ನನಗೆ ರೋಮಾಂಚನವಾಗಿತ್ತು. ಆ ನಾಲ್ಕು ದಿನಗಳ ನಕ್ಷೆಗಳಲ್ಲಿ ಚುಕ್ಕೆಗಳು ಫೇರ್‌ವೇಯ ತುಂಬ ಚೆಲ್ಲಿಕೊಂಡಿವೆ. ನನ್ನ ಬಳಿ ಇರುವ ಪುಟಗಳಲ್ಲಿ ನಾನು ಪದೇ ಪದೇ ತೆರೆದು ನೋಡುವುದು ಅವನ್ನೇ.

ಅಂಗಳವನ್ನು ಅಗಲವಾಗಿಸಿದ ಮಾತ್ರಕ್ಕೆ ರಾಯಲ್ ಮೆಲ್ಬರ್ನ್ ಆಗಿಬಿಡುವುದಿಲ್ಲ ಎಂಬುದಕ್ಕೆ 2025ರಲ್ಲಿ ರೈಡರ್ ಕಪ್ ನಡೆದ ನ್ಯೂಯಾರ್ಕ್‌ನ ಬೆತ್‌ಪೇಜ್ ಬ್ಲ್ಯಾಕ್ ಸಾಕ್ಷಿ. ವಿನ್ಯಾಸಕ ಟಿಲಿಂಗ್‌ಹಾಸ್ಟ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಆ ಸಾರ್ವಜನಿಕ ಅಂಗಳದ ಮೊದಲ ಟೀ ಬಳಿ, ಇದು ಅತ್ಯಂತ ಕಠಿಣ, ನುರಿತವರು ಮಾತ್ರ ಆಡಬೇಕು ಎಂದು ಎಚ್ಚರಿಸುವ ಫಲಕವೇ ಇದೆ. ಆದರೆ ರೈಡರ್ ಕಪ್‌ಗಾಗಿ ಅಮೆರಿಕ ತಂಡ ಅದರ ರಫ್ ಅನ್ನು ಕತ್ತರಿಸಿ ಮೆದುಗೊಳಿಸಿತ್ತು, ಮಳೆಯಿಂದ ಗ್ರೀನುಗಳೂ ಮೃದುವಾಗಿದ್ದವು. ಮೆತ್ತನೆಯ ಗ್ರೀನಿಗೆ ಯಾವ ಬದಿಯಿಂದ ಹೊಡೆದರೂ ಚೆಂಡು ನಿಲ್ಲುತ್ತದೆಯಾದ್ದರಿಂದ ಕೋನಕ್ಕೆ ಅರ್ಥವಿರಲಿಲ್ಲ. ಉಳಿದದ್ದು ಪಟ್ ಹಾಕುವ ಸ್ಪರ್ಧೆ, ಅದರಲ್ಲಿ ಯುರೋಪಿನವರು ಮೇಲಾದರು. ಎರಡು ದಿನ ಮುಗಿದಾಗ 11½–4½ರಷ್ಟು ಮುಂದಿದ್ದ ಅವರು, ಸಿಂಗಲ್ಸ್‌ನಲ್ಲಿ ಅಮೆರಿಕನ್ನರು ಬೆನ್ನಟ್ಟಿ ಬಂದರೂ, ಕೊನೆಗೆ 15–13ರಿಂದ ಗೆದ್ದರು. ಮೆಡೈನಾದ ನಂತರ ಪರರ ನೆಲದಲ್ಲಿ ಗೆದ್ದ ಮೊದಲ ರೈಡರ್ ಕಪ್ ತಂಡ ಅದು. ಅಂಗಳ ಸಜ್ಜುಗೊಳಿಸಿದ್ದರಲ್ಲಿ ತಾನು ತಪ್ಪಿದೆನೆಂದು ಅಮೆರಿಕದ ನಾಯಕ ಕೀಗನ್ ಬ್ರಾಡ್ಲಿ ಒಪ್ಪಿಕೊಂಡದ್ದು ನನಗೆ ಮೆಚ್ಚುಗೆಯಾಯಿತು. ಅಗಲ ಬೇಕು, ಅದರ ಜೊತೆಗೆ ಗಟ್ಟಿ ನೆಲವೂ ಬೇಕು; ಒಂದನ್ನು ಬಿಟ್ಟು ಇನ್ನೊಂದು ಕೆಲಸ ಮಾಡದು.

ಅಂಗಳದ ಕ್ರೌರ್ಯವೂ ಈ ಸ್ಪರ್ಧೆಗಳಲ್ಲೇ ಢಾಳಾಗಿ ಕಾಣುತ್ತದೆ. 1991ರ ರೈಡರ್ ಕಪ್ ನಡೆದಾಗ ಅಮೆರಿಕದ ಕಿಯಾವಾ ದ್ವೀಪದ ಓಷನ್ ಕೋರ್ಸ್ ಆಗತಾನೇ ಸಿದ್ಧವಾಗಿತ್ತು. ಎಲ್ಲೆಡೆಯಿಂದಲೂ ಸಮುದ್ರ ಕಾಣಲಿ ಎಂದು ಫೇರ್‌ವೇಗಳನ್ನು ಎತ್ತರಿಸುವ ಸಲಹೆ ಕೊಟ್ಟವರು ವಿನ್ಯಾಸಕ ಪೀಟ್ ಡೈ ಅವರ ಪತ್ನಿ, ಸ್ವತಃ ವಿನ್ಯಾಸಕಿಯಾಗಿದ್ದ ಆಲಿಸ್ ಡೈ. ಆ ಎತ್ತರದಿಂದಾಗಿ ಸಮುದ್ರದ ಗಾಳಿಗೂ ಅಂಗಳ ಪೂರ್ತಿ ತೆರೆದುಕೊಂಡಿತು. ಹಳೆಯ ದೃಶ್ಯಗಳನ್ನು ಹುಡುಕಿ ನೋಡಿದಾಗ ಆ ಗಾಳಿಯಲ್ಲಿ ಅಮೆರಿಕದ ಮಾರ್ಕ್ ಕ್ಯಾಲ್ಕವೆಕಿಯ ಅವರು ನಾಲ್ಕು ಹೋಲ್ ಉಳಿದಿರುವಾಗ ನಾಲ್ಕು ಹೋಲ್ ಮುಂದಿದ್ದವರು, ನೀರನ್ನು ದಾಟಿಸಬೇಕಾದ ಹದಿನೇಳನೇ ಪಾರ್ 3ರಲ್ಲಿ ಚೆಂಡನ್ನು ನೀರಿಗೆ ಹಾಕಿ, ಕೊನೆಯ ನಾಲ್ಕನ್ನೂ ಕಾಲಿನ್ ಮಾಂಟ್‌ಗಾಮರಿಗೆ ಬಿಟ್ಟುಕೊಟ್ಟದ್ದನ್ನು ಕಂಡೆ. ಕೊನೆಯ ಗ್ರೀನಿನಲ್ಲಿ ಯುರೋಪಿನ ಬರ್ನಾರ್ಡ್ ಲ್ಯಾಂಗರ್ ಅವರ ಆರಡಿಯ ಪಟ್ ತಪ್ಪಿ ಅಮೆರಿಕ 14½–13½ರಿಂದ ಗೆದ್ದಿತು. 2015ರಲ್ಲಿ ದಕ್ಷಿಣ ಕೊರಿಯದ ಇಂಚಾನ್‌ನ ಪ್ರೆಸಿಡೆಂಟ್ಸ್ ಕಪ್‌ನಲ್ಲಿ ಭಾರತದ ಅನಿರ್ಬನ್ ಲಾಹಿರಿ ಹದಿನೆಂಟನೆಯ ಗ್ರೀನಿನಲ್ಲಿ ಪುಟ್ಟ ಪಟ್ ಒಂದನ್ನು ತಪ್ಪಿಸಿಕೊಂಡಾಗ ನನ್ನ ಹೊಟ್ಟೆಯಲ್ಲಿ ಕಲಸಿದಂತಾಗಿತ್ತು. ಎದುರಾಳಿ ಕ್ರಿಸ್ ಕರ್ಕ್ ಅದಕ್ಕಿಂತ ದೂರದ ಪಟ್ಟನ್ನು ಆಗಷ್ಟೇ ಹಾಕಿದ್ದರು; ಕಪ್ ಅಮೆರಿಕಕ್ಕೆ ಹೋದದ್ದು 15½–14½ರಿಂದ. ತನಗಾಗಿ ಮಾತ್ರ ಆಡುವಾಗ ತಪ್ಪಿದ ಪಟ್ಟಿಗೂ ಹನ್ನೊಂದು ಜನ ಜೊತೆಗಾರರ ಎದುರು ತಪ್ಪಿದ ಪಟ್ಟಿಗೂ ಇರುವ ವ್ಯತ್ಯಾಸ ಆಟಗಾರನ ಭುಜಗಳಲ್ಲೇ ಕಾಣುತ್ತದೆ.

ಆ ಭಾರವನ್ನು ಒಬ್ಬರ ಮೇಲಿಂದ ಇಳಿಸಿದ್ದಕ್ಕಾಗಿಯೇ ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್‌ನಲ್ಲಿ ನಡೆದ 1969ರ ರೈಡರ್ ಕಪ್ ನೆನಪಿನಲ್ಲಿ ಉಳಿದಿದೆ. ಕೊನೆಯ ಹೋಲಿನಲ್ಲಿ ಟೋನಿ ಜಾಕ್ಲಿನ್ ಅವರ ಕಿರು ಪಟ್ಟನ್ನು ಎದುರಾಳಿ, ಅಮೆರಿಕದ ಜ್ಯಾಕ್ ನಿಕ್ಲಸ್ ಹೊಡೆಯುವ ಮೊದಲೇ ಬಿದ್ದಂತೆ ಎಣಿಸಿ ಬಿಟ್ಟುಕೊಟ್ಟರು, ಪಂದ್ಯವೂ ಕಪ್ಪೂ 16–16ರಲ್ಲಿ ಸಮವಾದವು. ದಶಕಗಳ ನಂತರ ಅವರಿಬ್ಬರೂ ಸೇರಿ ಫ್ಲಾರಿಡಾದಲ್ಲಿ ಒಂದು ಅಂಗಳವನ್ನು ವಿನ್ಯಾಸಗೊಳಿಸಿ, ಆ ಬಿಟ್ಟುಕೊಡುವಿಕೆಯ ನೆನಪಿಗೆ ದಿ ಕನ್ಸೆಷನ್ ಎಂದೇ ಹೆಸರಿಟ್ಟರು.

ತಂಡದ ಆಟ ಮತ್ತು ಅಂಗಳದ ವಿನ್ಯಾಸ ಒಬ್ಬನೇ ವ್ಯಕ್ತಿಯ ಬದುಕಿನಲ್ಲಿ ಕೂಡಿ ಬಂದದ್ದನ್ನು ನೋಡಬೇಕೆಂದರೆ ಅಮೆರಿಕದ ಆಟಗಾರ ಬೆನ್ ಕ್ರೆನ್‌ಷಾ ಅವರನ್ನು ನೋಡಬೇಕು. 1987ರಲ್ಲಿ ನಿಕ್ಲಸ್ ತಾವೇ ಕಟ್ಟಿದ ಮ್ಯೂರ್‌ಫೀಲ್ಡ್ ವಿಲೇಜ್‌ನಲ್ಲಿ ಅಮೆರಿಕದ ನಾಯಕರಾಗಿದ್ದಾಗ ಯುರೋಪ್ ಮೊದಲ ಸಲ ಅಮೆರಿಕದ ನೆಲದಲ್ಲಿ ರೈಡರ್ ಕಪ್ ಗೆದ್ದಿತು. ಅಂದು ಕ್ರೆನ್‌ಷಾ ಆರನೇ ಹೋಲಿನ ಬಳಿಕ ಸಿಟ್ಟಿನಲ್ಲಿ ತಮ್ಮ ಪಟ್ಟರ್ ಮುರಿದುಕೊಂಡು, ಉಳಿದ ಹೋಲುಗಳಲ್ಲಿ ಬೇರೆ ಕ್ಲಬ್ಬುಗಳಿಂದಲೇ ಪಟ್ ಹಾಕುತ್ತ ಹೋರಾಡಿ, ಕೊನೆಯ ಗ್ರೀನಿನಲ್ಲಿ ಈಮನ್ ಡಾರ್ಸಿ ಅವರಿಗೆ ಸೋತರು. ಹನ್ನೆರಡು ವರ್ಷಗಳ ನಂತರ ಬ್ರೂಕ್‌ಲೈನ್‌ನಲ್ಲಿ ಅವರೇ ನಾಯಕ. ತಂಡ 6–10ರಿಂದ ಹಿಂದಿತ್ತು; ಗಾಲ್ಫ್ ಇತಿಹಾಸದ ವಿದ್ಯಾರ್ಥಿಯಾದ ಅವರಿಗೆ ಆ ಅಂಗಳದ ಹದಿನೇಳನೇ ಹೋಲಿನ ಕಥೆ ಚೆನ್ನಾಗಿ ಗೊತ್ತಿತ್ತು. 1913ರ ಯುಎಸ್ ಓಪನ್‌ನಲ್ಲಿ, ಎದುರುಗಡೆಯ ಮನೆಯಲ್ಲೇ ಬೆಳೆದ ಇಪ್ಪತ್ತರ ಹವ್ಯಾಸಿ ಆಟಗಾರ ಫ್ರಾನ್ಸಿಸ್ ವಿಮೆಟ್, ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಎಂಬ ದಿಗ್ಗಜರನ್ನು ಮಣಿಸಿದ್ದು ಅಲ್ಲಿಯೇ. ಸಮಬಲ ಮುರಿಯಲು ಆಡಿದ ಪ್ಲೇಆಫ್‌ನಲ್ಲಿ ಒಂದು ಹೊಡೆತ ಹಿಂದಿದ್ದ ವಾರ್ಡನ್ ಹದಿನೇಳರ ತಿರುವನ್ನು ಹತ್ತಿರದಿಂದ ಕತ್ತರಿಸಲು ಹೋಗಿ ಎಡಗಡೆಯ ಬಂಕರಿಗೆ ಬಿದ್ದರು, ವಿಮೆಟ್ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಹಾಕಿದರು. 1999ರಲ್ಲಿ ಜಸ್ಟಿನ್ ಲೆನರ್ಡ್ 45 ಅಡಿಯ ಪಟ್ ಹಾಕಿದ್ದು ಅದೇ ಹದಿನೇಳನೇ ಗ್ರೀನಿನಲ್ಲಿ. ಎದುರಾಳಿ ಒಲತಾಬಲ್ ಇನ್ನೂ ಪಟ್ ಹಾಕುವುದಿರುವಾಗಲೇ ಅಮೆರಿಕನ್ನರು ಗ್ರೀನಿನ ಮೇಲೆ ನುಗ್ಗಿದ್ದು ನೋಡಲು ಹಿತವಾದ ದೃಶ್ಯವಲ್ಲ, ಅದನ್ನು ಸಮರ್ಥಿಸಲು ನನ್ನಿಂದಾಗದು. ಆದರೆ ಮೂಲೆಯೊಂದನ್ನು ಕತ್ತರಿಸುವ ಆಸೆ ಹುಟ್ಟಿಸಿ, ಅಲ್ಲೇ ಒಂದು ಬಂಕರ್ ಇಟ್ಟ ಹೋಲ್ ಎಂಬತ್ತಾರು ವರ್ಷಗಳ ಅಂತರದಲ್ಲಿ ಎರಡು ಇತಿಹಾಸಗಳನ್ನು ತಿರುಗಿಸಿತು.

ಅದೇ ಕ್ರೆನ್‌ಷಾ ತಮ್ಮ ಜೊತೆಗಾರ ಬಿಲ್ ಕೂರ್ ಅವರೊಂದಿಗೆ ನೆಬ್ರಾಸ್ಕದ ಮರಳುಗುಡ್ಡಗಳ ನಡುವೆ ಸ್ಯಾಂಡ್ ಹಿಲ್ಸ್ ಕಟ್ಟಿದಾಗ ಮಣ್ಣನ್ನು ಕದಲಿಸಿದ್ದು ಅತ್ಯಲ್ಪ. ಹೋಲುಗಳು ಅಲ್ಲಿ ಮೊದಲೇ ಇದ್ದವೇನೋ ಎಂಬಂತೆ ಗುಡ್ಡಗಳ ನಡುವೆ ಹರಿದಿವೆ. 2010–11ರಲ್ಲಿ ಇಬ್ಬರೂ ಡೊನಾಲ್ಡ್ ರಾಸ್ ಅವರ ಪೈನ್‌ಹರ್ಸ್ಟ್ ನಂ. 2 ಅಂಗಳವನ್ನು ಹಳೆಯ ರೂಪಕ್ಕೆ ತಂದರು. ಎಷ್ಟೋ ವರ್ಷಗಳಿಂದ ಬೆಳೆಸಿಕೊಂಡು ಬಂದಿದ್ದ ದಟ್ಟ ಹುಲ್ಲನ್ನು ಕಿತ್ತುಹಾಕಿ, ಫೇರ್‌ವೇಗಳನ್ನು ಅಗಲಿಸಿ, ಅಂಚಿನಲ್ಲಿ ಮರಳನ್ನೂ ತಂತಿಹುಲ್ಲನ್ನೂ ಹಾಗೆಯೇ ಬಿಟ್ಟರು. 2014ರಲ್ಲಿ ಪುರುಷರ ಮತ್ತು ಮಹಿಳೆಯರ ಯುಎಸ್ ಓಪನ್‌ಗಳು ಒಂದರ ಮರುವಾರ ಇನ್ನೊಂದು ಅಲ್ಲಿ ನಡೆದಾಗ, ಪುರುಷರಲ್ಲಿ ಎಂಟು ಹೊಡೆತಗಳ ಅಂತರದಿಂದ ಗೆದ್ದವರು ಮಾರ್ಟಿನ್ ಕೈಮರ್. ಆಮೆಯ ಚಿಪ್ಪಿನಂತೆ ಎಲ್ಲ ಕಡೆಗೂ ಇಳಿಯುವ ಆ ಗ್ರೀನುಗಳ ಹೊರಗಿನಿಂದಲೂ ಅವರು ಮತ್ತೆ ಮತ್ತೆ ಪಟ್ಟರನ್ನೇ ಕೈಗೆತ್ತಿಕೊಂಡರು. ಮೆಡೈನಾದಲ್ಲಿ ಆ ಆರಡಿಯನ್ನು ಹಾಕಿದ ಕೈಗಳೇ ಇವು ಎಂದು ನೆನಪಾದಾಗ, ಈ ಸಲವಾದರೂ ಇಳಿಜಾರು ಯಾವ ಕಡೆಗಿದೆಯೆಂದು ನನಗೆ ಗೊತ್ತಿದೆ ಎಂಬ ಸಂತೋಷ ನನಗಾಗಿತ್ತು.

ಈಗ ನನ್ನ ಮುಂದಿರುವುದು ಐರ್ಲೆಂಡಿನ ಅಡೇರ್ ಮ್ಯಾನರ್‌ನ ನಕ್ಷೆ. 2027ರ ರೈಡರ್ ಕಪ್ ಅಲ್ಲಿ. ಅದರ ಹದಿನೆಂಟನೆಯ ಹೋಲ್ ಮೇಗ್ ನದಿಯನ್ನು ದಾಟಿ ಗ್ರೀನ್ ಸೇರುವ ಪಾರ್ 5. ಮ್ಯಾಚ್ ಪ್ಲೇಯಲ್ಲಿ ಎಷ್ಟೋ ಪಂದ್ಯಗಳು ಹದಿನೈದು, ಹದಿನಾರರಲ್ಲೇ ಮುಗಿದುಹೋಗುವುದರಿಂದ ಒಳ್ಳೆಯ ಕೊನೆಯ ಹೋಲುಗಳು ಖಾಲಿ ಉಳಿಯುವುದುಂಟು. 2022ರ ಪ್ರೆಸಿಡೆಂಟ್ಸ್ ಕಪ್‌ಗೆ ಕ್ವೇಲ್ ಹಾಲೊದಲ್ಲಿ ಪ್ರಸಿದ್ಧವಾದ ಕೊನೆಯ ಮೂರು ಹೋಲುಗಳನ್ನು 13, 14, 15 ಆಗಿ ಆಡಿಸಿದ್ದು ಅದಕ್ಕಾಗಿಯೇ. ಅಡೇರ್‌ನಲ್ಲಿ ಹಾಗೆ ಬದಲಿಸದಿರಲಿ ಎಂಬುದು ನನ್ನ ಆಸೆ. ಫೋರ್‌ಸಮ್ಸ್ ಪಂದ್ಯವೊಂದು ಸಮವಾಗಿಯೇ ಅಲ್ಲಿಗೆ ತಲುಪಿದರೆ, ಸಮ ಸಂಖ್ಯೆಯ ಟೀ ಪಡೆದವನು ಫೇರ್‌ವೇಗೆ ಹೊಡೆದು ಪಕ್ಕಕ್ಕೆ ಸರಿಯುತ್ತಾನೆ; ನದಿಯನ್ನು ದಾಟಿಸಬೇಕೇ ಬೇಡವೇ ಎಂಬ ಹೊಡೆತ ಅವನ ಜೊತೆಗಾರನ ಪಾಲಿಗೆ ಬರುತ್ತದೆ. ಆ ಹೊಡೆತಕ್ಕೆ ಯಾರಿರಬೇಕೆಂದು ಈಗಲೇ ಎರಡು ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.